ಗಣಿಯ ಹಕ್ಕಿಯಿಂದ ಅನಿಲ ಸಂವೇದಕದವರೆಗೆ

ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆಯಿದೆ. ಗಾಳಿಯ ದಶಲಕ್ಷ ಭಾಗಗಳಲ್ಲಿ ಇದರ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಆದರೆ ಪ್ರಮಾಣವು ಸುಮಾರು ನೂರು ಭಾಗಗಳನ್ನು ತಲುಪಿದೊಡನೆ ಘ್ರಾಣ ನರಗಳು ಜಡವಾಗಿ, ವಾಸನೆಯೇ ಇಲ್ಲವಾಗುತ್ತದೆ. ಅನಿಲವು ಹೋಯಿತೆಂದು ಭಾವಿಸಿ ಮುಂದಡಿಯಿಡುವ ಕಾರ್ಮಿಕನು ವಾಸ್ತವದಲ್ಲಿ ಅದರ ನಡುವಿಗೇ ಇಳಿಯುತ್ತಿರುತ್ತಾನೆ. ಇನ್ನು ಇಂಗಾಲದ ಮಾನಾಕ್ಸೈಡ್ ಮತ್ತು ಮೀಥೇನ್ ಅನಿಲಗಳಿಗಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪ್ರಕೃತಿಯು ನಮಗೆ ಕೊಟ್ಟಿರುವ ಇಂದ್ರಿಯಗಳು ಹೊಲ, ಕಾಡು, ಅಡುಗೆಮನೆಗಳಿಗೆ ಸಾಕಾದವು. ಕಲ್ಲಿದ್ದಲ ಗಣಿ, ರಾಸಾಯನಿಕ ಕಾರ್ಖಾನೆ, ತೈಲಾಗಾರಗಳಿಗೆ ಅವು ಸಾಲವು.

ಈ ಕೊರತೆಯನ್ನು ತುಂಬುವ ಸಾಧನಕ್ಕೆ ಸಂವೇದಕ ಅಥವಾ ಸೆನ್ಸರ್ ಎಂದು ಹೆಸರು. ಉಷ್ಣತೆ, ಒತ್ತಡ, ದ್ರವದ ಮಟ್ಟ, ಕಂಪನ, ಅನಿಲದ ಪ್ರಮಾಣ ಮುಂತಾದ ಯಾವುದೇ ಭೌತಿಕ ಅಥವಾ ರಾಸಾಯನಿಕ ಬದಲಾವಣೆಯನ್ನು ಗ್ರಹಿಸಿ, ಅದನ್ನು ಅಳೆಯಬಹುದಾದ ಸಂಕೇತವನ್ನಾಗಿ, ಸಾಮಾನ್ಯವಾಗಿ ವಿದ್ಯುತ್ ಸಂಕೇತವನ್ನಾಗಿ, ಮಾರ್ಪಡಿಸುವುದೇ ಅದರ ಕೆಲಸ. ಇಂದು ಒಂದು ಸಾಧಾರಣ ತೈಲ ಶುದ್ಧೀಕರಣಾಗಾರದಲ್ಲಿ ಇಂತಹ ಸಾವಿರಾರು ಸಾಧನಗಳಿರುತ್ತವೆ. ಅವೆಲ್ಲವುಗಳ ವಿವರ ಇಲ್ಲಿ ಸಾಧ್ಯವಿಲ್ಲ. ಕಾರ್ಮಿಕನ ಪ್ರಾಣದೊಂದಿಗೆ ನೇರ ಸಂಬಂಧವಿರುವ ಅನಿಲ ಸಂವೇದಕವನ್ನೇ ಮುಖ್ಯವಾಗಿಟ್ಟುಕೊಂಡು, ಈ ತಂತ್ರಜ್ಞಾನವು ಬೆಳೆದು ಬಂದ ಬಗೆಯನ್ನು ನೋಡೋಣ.

ದೀಪ ಮತ್ತು ಹಕ್ಕಿ

1812ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಫೆಲಿಂಗ್ ಎಂಬಲ್ಲಿನ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟ ಸಂಭವಿಸಿ 92 ಮಂದಿ ಮಡಿದರು. ಅವರಲ್ಲಿ ಬಾಲಕರೂ ಅನೇಕರಿದ್ದರು. ಕಲ್ಲಿದ್ದಲ ಪದರಗಳಿಂದ ಹೊರಸೂಸುವ ಮೀಥೇನ್ ಅನಿಲವು ಗಾಳಿಯಲ್ಲಿ ಶೇಕಡ 5ರಿಂದ 15ರವರೆಗೆ ಬೆರೆತಾಗ ಒಂದು ಕಿಡಿಗೇ ಸಿಡಿಯುತ್ತದೆ. ಅಂದಿನ ಗಣಿಗಾರರಿಗೆ ಬೆಳಕು ಕೊಡುತ್ತಿದ್ದುದು ತೆರೆದ ಜ್ವಾಲೆಯೇ. ಈ ದುರಂತದಿಂದ ಎಚ್ಚೆತ್ತ ಜನರ ಕೋರಿಕೆಯ ಮೇರೆಗೆ ಹಂಫ್ರಿ ಡೇವಿ ಎಂಬ ವಿಜ್ಞಾನಿಯು 1815ರಲ್ಲಿ ರಕ್ಷಾದೀಪವನ್ನು ರೂಪಿಸಿದನು. ಜ್ವಾಲೆಯ ಸುತ್ತಲೂ ನವಿರಾದ ಲೋಹದ ಬಲೆ. ಬಲೆಯು ಶಾಖವನ್ನು ಹೀರಿಕೊಳ್ಳುವುದರಿಂದ ಒಳಗಿನ ಬೆಂಕಿ ಹೊರಗಿನ ಅನಿಲಕ್ಕೆ ದಾಟದು.

ಡೇವಿಯ ದೀಪವನ್ನು ಬೆಳಕಿನ ಸಾಧನವೆಂದೇ ನಾವು ಶಾಲೆಯಲ್ಲಿ ಓದಿದ್ದೇವೆ. ಅದು ಸಂವೇದಕವೂ ಆಗಿತ್ತೆಂಬುದು ಅಷ್ಟಾಗಿ ತಿಳಿದಿಲ್ಲ. ಮೀಥೇನ್ ಇದ್ದಲ್ಲಿ ಜ್ವಾಲೆಯ ನೆತ್ತಿಯ ಮೇಲೆ ನಸು ನೀಲಿಯ ಒಂದು ಟೊಪ್ಪಿಗೆ ಮೂಡುತ್ತಿತ್ತು. ಅದರ ಎತ್ತರವನ್ನು ನೋಡಿ ಅನುಭವಿಯಾದ ಮೇಸ್ತ್ರಿಯು ಅನಿಲದ ಶೇಕಡವಾರು ಪ್ರಮಾಣವನ್ನು ಹೇಳಬಲ್ಲವನಾಗಿದ್ದನು. ಆಮ್ಲಜನಕ ಕಡಿಮೆಯಾದರೆ ಜ್ವಾಲೆ ಕುಂದಿ ಆರುತ್ತಿತ್ತು. ಒಂದೇ ದೀಪದಿಂದ ಎರಡು ಅಪಾಯಗಳ ಸೂಚನೆ! ಮುಂದೆ ಒಂದೂವರೆ ಶತಮಾನ ಕಾಲ ಈ ದೀಪದ ಸುಧಾರಿತ ರೂಪಗಳು ಗಣಿಗಳಲ್ಲಿ ಬಳಕೆಯಲ್ಲಿದ್ದುದಕ್ಕೆ ಇದೇ ಕಾರಣ.

ಆದರೆ ಇಂಗಾಲದ ಮಾನಾಕ್ಸೈಡಿಗೆ ದೀಪವು ಉತ್ತರವಾಗಿರಲಿಲ್ಲ. ಗಣಿ ಸ್ಫೋಟಗಳಲ್ಲಿ ಸತ್ತವರ ದೇಹಗಳನ್ನು ಪರೀಕ್ಷಿಸಿದ ಜಾನ್ ಸ್ಕಾಟ್ ಹಾಲ್ಡೇನ್ 1896ರ ತನ್ನ ವರದಿಯಲ್ಲಿ ಒಂದು ಅಚ್ಚರಿಯ ಸಂಗತಿಯನ್ನು ತೋರಿಸಿಕೊಟ್ಟನು. ಬಹುಪಾಲು ಜನ ಸತ್ತದ್ದು ಬೆಂಕಿಯಿಂದಲೂ ಅಲ್ಲ, ಸ್ಫೋಟದ ಹೊಡೆತದಿಂದಲೂ ಅಲ್ಲ; ಆನಂತರ ಸುರಂಗಗಳಲ್ಲಿ ಹರಡಿದ ಮಾನಾಕ್ಸೈಡಿನಿಂದ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವಿನಿಂದ ಈ ವಿಷಾನಿಲವನ್ನು ಹಿಡಿದುಕೊಳ್ಳುತ್ತದೆ. ಚಿಕ್ಕ ಪ್ರಾಣಿಗಳ ಉಸಿರಾಟವೂ ದೇಹವ್ಯಾಪಾರವೂ ವೇಗವಾದವಾದ್ದರಿಂದ ಅವು ಮನುಷ್ಯನಿಗಿಂತ ಬಹಳ ಮುಂಚೆಯೇ ಬಾಧೆಗೊಳಗಾಗುತ್ತವೆಂದು ಕಂಡ ಹಾಲ್ಡೇನ್, ಇಲಿಯನ್ನಾಗಲಿ ಸಣ್ಣ ಹಕ್ಕಿಯನ್ನಾಗಲಿ ಗಣಿಗೆ ಒಯ್ಯಬೇಕೆಂದು ಸಲಹೆಯಿತ್ತನು. ಹೀಗೆ ಕೆನರಿ ಎಂಬ ಹಳದಿ ಹಕ್ಕಿಯು ಗಣಿಯ ನೌಕರಿಗೆ ಸೇರಿತು. ಹಕ್ಕಿಯು ತನ್ನ ಕೋಲಿನಿಂದ ಕೆಳಗೆ ಬಿದ್ದರೆ ಜನ ಹಿಂದಕ್ಕೆ ಓಡುತ್ತಿದ್ದರು. ಕೆಲವು ಪಂಜರಗಳಿಗೆ ಪುಟ್ಟ ಆಮ್ಲಜನಕದ ಸಿಲಿಂಡರನ್ನೂ ಜೋಡಿಸಿದ್ದರೆಂಬುದು ಮನಸ್ಸಿಗೆ ಸಮಾಧಾನ ಕೊಡುವ ಸಂಗತಿ. ಬಿದ್ದ ಹಕ್ಕಿಯನ್ನು ಬದುಕಿಸಿಕೊಳ್ಳುವ ಏರ್ಪಾಡು ಅದು. ಬ್ರಿಟನ್ನಿನ ಗಣಿಗಳಲ್ಲಿ ಉಳಿದಿದ್ದ ಇನ್ನೂರಕ್ಕೂ ಹೆಚ್ಚು ಕೆನರಿಗಳ ಸ್ಥಾನದಲ್ಲಿ ವಿದ್ಯುನ್ಮಾನ ಸಾಧನಗಳನ್ನು ತರುವ ತೀರ್ಮಾನವು ಪ್ರಕಟವಾದದ್ದು 1986ರ ಕೊನೆಯಲ್ಲಿ. ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟು ಹದಿನೇಳು ವರ್ಷ ಕಳೆದಿತ್ತು!

ಪ್ಲಾಟಿನಂ ತಂತಿಯ ಪಾಠ

ಇಷ್ಟು ತಡವಾದುದೇಕೆ? ಅನಿಲದ ಇರವನ್ನು ವಿದ್ಯುತ್ತಿನ ಭಾಷೆಗೆ ತಿರುಗಿಸುವುದು ಸುಲಭವಾಗಿರಲಿಲ್ಲ. ಉಷ್ಣತೆಯ ವಿಷಯದಲ್ಲಿ ಈ ಕೆಲಸ ಮೊದಲೇ ಆಗಿತ್ತು. ಎರಡು ಬೇರೆ ಬೇರೆ ಲೋಹಗಳ ತಂತಿಗಳನ್ನು ಬೆಸೆದು, ಒಂದು ಬೆಸುಗೆಯನ್ನು ಬಿಸಿಮಾಡಿದರೆ ವಿದ್ಯುತ್ ಹುಟ್ಟುತ್ತದೆಂಬ ತತ್ತ್ವದ ಮೂಲವು 1821ರ ಸೀಬೆಕ್‌ನ ಪ್ರಯೋಗಗಳಲ್ಲಿದೆ. ಉಕ್ಕಿನ ಕುಲುಮೆಗಳ ಶಾಖವನ್ನು ಇಂದಿಗೂ ಈ ಜೋಡಿ ತಂತಿಗಳಿಂದಲೇ ಅಳೆಯುತ್ತಾರೆ. ಪ್ಲಾಟಿನಂ ತಂತಿಯ ವಿದ್ಯುತ್ ರೋಧವು ಉಷ್ಣತೆಯೊಡನೆ ಕ್ರಮವಾಗಿ ಏರುತ್ತದೆಂಬುದನ್ನು ಬಳಸಿಕೊಂಡು 1887ರಲ್ಲಿ ಕ್ಯಾಲೆಂಡರ್ ಎಂಬ ವಿಜ್ಞಾನಿ ನಿಖರವಾದ ಉಷ್ಣಮಾಪಕವನ್ನು ಸಿದ್ಧಪಡಿಸಿದನು. ಸೊನ್ನೆ ಡಿಗ್ರಿಯಲ್ಲಿ 100 ಓಮ್ ರೋಧವಿರುವ ಪ್ಲಾಟಿನಂ ಸುರುಳಿಯು ನೂರು ಡಿಗ್ರಿಯಲ್ಲಿ 138.5 ಓಮ್ ಆಗುತ್ತದೆ. ಹಾಲಿನ ಡೇರಿಯಿಂದ ಹಿಡಿದು ವಿದ್ಯುತ್ ಸ್ಥಾವರದವರೆಗೆ ಎಲ್ಲ ಕಡೆಯೂ ಕಾಣುವ ಉಷ್ಣ ಸಂವೇದಕ ಇದೇ.

ಅನಿಲ ಸಂವೇದಕಕ್ಕೆ ದಾರಿ ತೆರೆದದ್ದೂ ಈ ಪ್ಲಾಟಿನಂ ತಂತಿಯೇ. ಪ್ಲಾಟಿನಂ ಒಂದು ವೇಗವರ್ಧಕ; ಬಿಸಿಯಾದ ಪ್ಲಾಟಿನಂ ಮೇಲ್ಮೈಯಲ್ಲಿ ದಹ್ಯ ಅನಿಲಗಳು ಜ್ವಾಲೆಯಿಲ್ಲದೆಯೇ ಉರಿಯುತ್ತವೆ. ಉರಿದಾಗ ತಂತಿ ಇನ್ನಷ್ಟು ಬಿಸಿಯಾಗುತ್ತದೆ, ಅದರ ರೋಧ ಹೆಚ್ಚುತ್ತದೆ, ಆ ಹೆಚ್ಚಳವೇ ಅನಿಲದ ಅಳತೆ. ಖಾಲಿಯಾದ ತೈಲ ಹಡಗುಗಳ ಒಡಲಿನಲ್ಲಿ ಉಳಿದ ಆವಿಯಿಂದ ಸ್ಫೋಟಗಳಾಗುತ್ತಿದ್ದ ಕಾಲದಲ್ಲಿ, 1926-27ರ ವೇಳೆಗೆ, ಅಮೆರಿಕದ ಆಲಿವರ್ ಜಾನ್ಸನ್ ಈ ತತ್ತ್ವದ ಮೇಲೆ ಕೈಯಲ್ಲಿ ಒಯ್ಯುವ ಸಾಧನವನ್ನು ತಯಾರಿಸಿದನು. ಆದರೆ ಬರಿಯ ಪ್ಲಾಟಿನಂ ತಂತಿಯ ಮೇಲೆ ಮೀಥೇನನ್ನು ಉರಿಸಲು ಸಾವಿರ ಡಿಗ್ರಿಯ ಆಸುಪಾಸಿನ ಶಾಖ ಬೇಕು. ಅಷ್ಟು ಶಾಖದಲ್ಲಿ ತಂತಿಯೇ ಸವೆದುಹೋಗುತ್ತದೆ. ಬ್ರಿಟನ್ನಿನ ಗಣಿ ಸುರಕ್ಷತಾ ಸಂಶೋಧನಾ ಸಂಸ್ಥೆಯಲ್ಲಿ 1960ರ ಸುಮಾರಿಗೆ ಬೇಕರ್ ಎಂಬ ಸಂಶೋಧಕನು ಸುರುಳಿಯನ್ನು ಒಂದು ಪಿಂಗಾಣಿಯಂತಹ ಪುಟ್ಟ ಮಣಿಯೊಳಗೆ ಹುದುಗಿಸಿ, ಮಣಿಗೆ ಪೆಲೇಡಿಯಂ ಮೊದಲಾದ ವೇಗವರ್ಧಕಗಳ ಲೇಪ ಕೊಟ್ಟನು. ಐನೂರು ಡಿಗ್ರಿಯ ಸುಮಾರಿಗೇ ಕೆಲಸ ನಡೆಯಿತು. ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಈ ಮಣಿಗೆ ಪೆಲಿಸ್ಟರ್ ಎಂದು ಹೆಸರಾಯಿತು. ಇದರ ಪಕ್ಕದಲ್ಲಿ ಲೇಪವಿಲ್ಲದ ಇನ್ನೊಂದು ಮಣಿಯನ್ನಿಟ್ಟು, ಎರಡರ ವ್ಯತ್ಯಾಸವನ್ನಷ್ಟೇ ಅಳೆಯಲಾಗುತ್ತದೆ. ಗಾಳಿಯ ಬಿಸಿಲು, ತೇವಗಳು ಎರಡೂ ಮಣಿಗಳನ್ನು ಸಮನಾಗಿ ತಟ್ಟುವುದರಿಂದ ಅವು ಲೆಕ್ಕದಿಂದ ಹೊರಗಾಗುತ್ತವೆ. ತಕ್ಕಡಿಯ ಎರಡು ತಟ್ಟೆಗಳ ಮೇಲೂ ಒಂದೇ ಮಳೆ ಬಿದ್ದಂತೆ.

ನಮ್ಮ ದೇಶದ ಕಲ್ಲಿದ್ದಲ ಗಣಿಗಳಲ್ಲಿ ಗಾಳಿಯ ಮೀಥೇನ್ ಪ್ರಮಾಣ ಶೇಕಡ 1.25ನ್ನು ಮೀರಿದರೆ ವಿದ್ಯುತ್ತನ್ನು ಕಡಿದುಹಾಕಬೇಕೆಂಬ ನಿಯಮವಿದೆ. ಸ್ಫೋಟದ ಕೆಳಮಿತಿಯಾದ ಶೇಕಡ 5ಕ್ಕೆ ಹೋಲಿಸಿದರೆ ಇದು ಕಾಲು ಭಾಗ. ಇಷ್ಟು ಸೂಕ್ಷ್ಮವಾದ ಅಳತೆಯನ್ನು ಹಗಲಿರುಳೂ ಬಿಡುವಿಲ್ಲದೆ ಮಾಡುವುದು ದೀಪದ ಜ್ವಾಲೆಯನ್ನು ನೋಡುವ ಕಣ್ಣಿನಿಂದ ಆಗದು.

ಅನಿಲಕ್ಕೆ ತಕ್ಕ ಬಗೆ

ಉರಿಯದ ಅನಿಲಗಳಿಗೂ, ಅತ್ಯಲ್ಪ ಪ್ರಮಾಣದಲ್ಲೇ ವಿಷಕಾರಿಯಾದ ಅನಿಲಗಳಿಗೂ ಬೇರೆ ಉಪಾಯ ಬೇಕಾಯಿತು. ಲೆಲ್ಯಾಂಡ್ ಕ್ಲಾರ್ಕ್ ಎಂಬ ಅಮೆರಿಕದ ವಿಜ್ಞಾನಿಯು ರಕ್ತದಲ್ಲಿನ ಆಮ್ಲಜನಕವನ್ನು ಅಳೆಯಲು 1950ರ ದಶಕದಲ್ಲಿ ರೂಪಿಸಿದ ವಿದ್ಯುದ್ವಾರವು ಇಲ್ಲಿ ಮಾರ್ಗದರ್ಶಕವಾಯಿತು. ಆಸ್ಪತ್ರೆಗೆಂದು ಹುಟ್ಟಿದ ವಿಚಾರವು ಕಾರ್ಖಾನೆಗೂ ನೆರವಾದುದಕ್ಕೆ ಇದು ಒಳ್ಳೆಯ ನಿದರ್ಶನ. ಇಂದಿನ ಮಾನಾಕ್ಸೈಡ್ ಸಂವೇದಕವು ಒಂದು ಪುಟ್ಟ ಇಂಧನ ಕೋಶದಂತಿದೆ. ಅನಿಲವು ತೆಳುಪೊರೆಯ ಮೂಲಕ ಒಳಹೊಕ್ಕು, ವಿದ್ಯುದ್ವಾರದ ಮೇಲೆ ಉತ್ಕರ್ಷಣಗೊಂಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಎಷ್ಟು ಅನಿಲವೋ ಅಷ್ಟು ವಿದ್ಯುತ್ ಪ್ರವಾಹ. ದಶಲಕ್ಷಕ್ಕೆ ಕೆಲವೇ ಭಾಗಗಳಷ್ಟಿದ್ದರೂ ಇದು ಗುರುತಿಸುತ್ತದೆ. ಬೆಲೆಯೂ ಹೆಚ್ಚಲ್ಲ. ಆದರೆ ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷವಷ್ಟೇ.

ಜಪಾನಿನಲ್ಲಿ ನಾವೊಯೋಶಿ ತಗುಚಿ ಎಂಬವನು ಬೇರೆಯೇ ದಾರಿ ಹಿಡಿದನು. ತವರದ ಆಕ್ಸೈಡ್ ಒಂದು ಅರೆವಾಹಕ. ಬಿಸಿಯಾದ ಅದರ ಮೇಲ್ಮೈಯಲ್ಲಿ ಗಾಳಿಯ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಂಡು ಕುಳಿತಿರುತ್ತದೆ. ಅಡುಗೆ ಅನಿಲ ಬಂದು ಆ ಆಮ್ಲಜನಕದೊಡನೆ ಸಂಯೋಗ ಹೊಂದಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. 1962ರಲ್ಲಿ ತಗುಚಿ ಇದಕ್ಕೆ ಪೇಟೆಂಟ್ ಕೋರಿದನು. ಆ ದಶಕ ಮುಗಿಯುವ ಮುನ್ನವೇ ಜಪಾನಿನ ಮನೆಗಳಲ್ಲಿ ಅನಿಲ ಸೋರಿಕೆಯ ಎಚ್ಚರಿಕೆ ಗಂಟೆಗಳು ಬಂದವು. ಅಗ್ಗ, ದೀರ್ಘಾಯುಷಿ, ಆದರೆ ಇದಕ್ಕೆ ಹೊಗೆ, ಮದ್ಯಸಾರದ ಆವಿ, ಒಗ್ಗರಣೆಯ ಘಾಟು ಎಲ್ಲವೂ ಒಂದೇ. ನಮ್ಮ ಅಡುಗೆಮನೆಗಳಲ್ಲಿ ಅದು ಆಗಾಗ ಸುಮ್ಮನೆ ಕೂಗುವುದಕ್ಕೆ ಇದೇ ಕಾರಣ. ಇಲ್ಲೊಂದು ಮಾತನ್ನು ನಗರವಾಸಿಗಳಾದ ಓದುಗರು ಗಮನಿಸಬೇಕು. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಸಂವೇದಕವು ನೆಲದ ಹತ್ತಿರವಿರಬೇಕು. ಮುಂಬಯಿ, ದೆಹಲಿ ಮುಂತಾದೆಡೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಮುಖ್ಯಾಂಶ ಮೀಥೇನ್; ಅದು ಗಾಳಿಗಿಂತ ಹಗುರ, ಮೇಲೇರುತ್ತದೆ. ಅಲ್ಲಿ ಸಂವೇದಕದ ಜಾಗ ಮಾಳಿಗೆಯ ಹತ್ತಿರ. ಸಿಲಿಂಡರಿನಿಂದ ಕೊಳವೆಗೆ ಬದಲಾಯಿಸಿಕೊಂಡ ಮನೆಯವರು ಹಳೆಯ ಸಾಧನವನ್ನು ಹಳೆಯ ಜಾಗದಲ್ಲೇ ಬಿಟ್ಟರೆ ಅದು ಇದ್ದೂ ಇಲ್ಲದಂತೆ.

ಅವಕೆಂಪು ಕಿರಣಗಳ ವಿಧಾನವು ಇವೆಲ್ಲಕ್ಕಿಂತ ಹಳೆಯದೂ ಹೌದು, ಹೊಸದೂ ಹೌದು. ಅನೇಕ ಅನಿಲಗಳು ತಮ್ಮ ತಮ್ಮದೇ ಆದ ತರಂಗಾಂತರದ ಕಿರಣವನ್ನು ಹೀರುತ್ತವೆ; ಮೀಥೇನ್ ಹೀರುವುದು ಸುಮಾರು 3.3 ಮೈಕ್ರೋಮೀಟರ್ ತರಂಗಾಂತರವನ್ನು. ಜರ್ಮನಿಯಲ್ಲಿ 1938ರಲ್ಲೇ ಲೂಫ್ಟ್ ಮತ್ತು ಲೇರರ್ ಈ ತತ್ತ್ವದ ವಿಶ್ಲೇಷಕವನ್ನು ತಯಾರಿಸಿದ್ದರು. ಆಗ ಅದು ಮೇಜಿನ ಗಾತ್ರದ ಯಂತ್ರ. ಇಂದು ಅದೇ ಸಾಧನ ಅಂಗೈಯಲ್ಲಿ ಹಿಡಿಸುತ್ತದೆ.

ಮೌನದ ಎರಡು ಅರ್ಥ

ಸಂವೇದಕವು ಸುಮ್ಮನಿದೆಯೆಂದರೆ ಅಪಾಯವಿಲ್ಲವೆಂದು ಅರ್ಥವೇ? ಅಥವಾ ಅದೇ ಸತ್ತುಹೋಗಿದೆಯೇ? ಕೆನರಿ ಹಕ್ಕಿಯ ವಿಷಯದಲ್ಲಿ ಈ ಸಂದೇಹ ಬರುತ್ತಿರಲಿಲ್ಲ. ಅದು ಹಾಡುತ್ತಿತ್ತು, ಹಾರುತ್ತಿತ್ತು. ಈ ಲೇಖಕನ ಅಭಿಪ್ರಾಯದಲ್ಲಿ ಕೈಗಾರಿಕಾ ಸಂವೇದಕಗಳ ಇತಿಹಾಸವೆಲ್ಲ ಅರ್ಧಕ್ಕರ್ಧ ಈ ಒಂದು ಪ್ರಶ್ನೆಯ ಇತಿಹಾಸವೇ ಆಗಿದೆ.

ಪೆಲಿಸ್ಟರ್ ಮಣಿಯನ್ನೇ ನೋಡಿ. ಸಿಲಿಕೋನ್ ಬೆರೆತ ಜಿಡ್ಡಿನ ಅಥವಾ ಪಾಲಿಷಿನ ಆವಿ ತಾಗಿದರೆ ಅದರ ವೇಗವರ್ಧಕ ಲೇಪವು ವಿಷಗೊಂಡು ನಿಷ್ಕ್ರಿಯವಾಗುತ್ತದೆ. ಆಮೇಲೆ ಅನಿಲ ತುಂಬಿದ್ದರೂ ಮುಳ್ಳು ಸೊನ್ನೆಯನ್ನೇ ತೋರಿಸುತ್ತದೆ. ಇನ್ನೂ ವಿಚಿತ್ರವೆಂದರೆ, ಮೀಥೇನ್ ಅತಿಯಾದಾಗ ಉರಿಯಲು ಆಮ್ಲಜನಕವೇ ಸಾಲದೆ ಮಣಿಯು ತಣ್ಣಗಾಗುತ್ತದೆ; ಅಪಾಯವು ಹೆಚ್ಚಿದಂತೆಲ್ಲ ಅಂಕಿ ಇಳಿಯುತ್ತದೆ! ಆದುದರಿಂದ ಇಂತಹ ಸಾಧನವನ್ನು ಪ್ರತಿದಿನ ಬಳಸುವ ಮುನ್ನ ಗೊತ್ತಾದ ಪ್ರಮಾಣದ ಅನಿಲವನ್ನು ಅದರ ಮೇಲೆ ಹಾಯಿಸಿ, ಅದು ಕೂಗುತ್ತದೆಯೇ ಎಂದು ನೋಡಲೇಬೇಕು. ಒಂದು ನಿಮಿಷದ ಕೆಲಸ. ಎಷ್ಟೋ ಕಡೆ ಇದನ್ನು ಮಾಡದೆ, ಹಸಿರು ದೀಪ ಉರಿಯುತ್ತಿದೆಯೆಂಬ ಧೈರ್ಯದ ಮೇಲೆಯೇ ಕೆಲಸ ಸಾಗುತ್ತದೆ.

ವಿದ್ಯುತ್ ಸಂಕೇತದಲ್ಲೂ ಇದೇ ಎಚ್ಚರಿಕೆ ಅಡಗಿದೆ. ಕಾರ್ಖಾನೆಗಳಲ್ಲಿ ಸಂವೇದಕದಿಂದ ನಿಯಂತ್ರಣ ಕೊಠಡಿಗೆ ಹೋಗುವ ಪ್ರವಾಹವು ರೂಢಿಯಂತೆ 4ರಿಂದ 20 ಮಿಲಿ ಆಂಪಿಯರ್. ಸೊನ್ನೆಯಿಂದ ಆರಂಭಿಸದೆ ನಾಲ್ಕರಿಂದ ಏಕೆ? ಅಳತೆ ಸೊನ್ನೆಯಾಗಿದ್ದಾಗಲೂ ನಾಲ್ಕು ಮಿಲಿ ಆಂಪಿಯರ್ ಹರಿಯುತ್ತಿರುತ್ತದೆ. ಪ್ರವಾಹವು ನಿಜವಾಗಿ ಸೊನ್ನೆಯಾಯಿತೆಂದರೆ ತಂತಿ ಕಡಿದಿದೆಯೆಂದೇ ಅರ್ಥ. ಹಕ್ಕಿ ಹಾಡುತ್ತಲೇ ಇರುವಂತೆ ಮಾಡುವ ಸರಳವಾದ, ಜಾಣ್ಮೆಯ ಏರ್ಪಾಡಿದು. ಅತಿ ಅಪಾಯದ ಸ್ಥಳಗಳಲ್ಲಿ ಒಂದರ ಬದಲು ಮೂರು ಸಂವೇದಕಗಳನ್ನಿಟ್ಟು, ಎರಡು ಒಪ್ಪಿದರೆ ಯಂತ್ರ ನಿಲ್ಲುವಂತೆ ಮಾಡುವುದೂ ಉಂಟು.

ಇಷ್ಟಾದರೂ ದುರಂತಗಳು ನಡೆದಿವೆ. ಭೋಪಾಲದಲ್ಲಿ 1984ರ ಡಿಸೆಂಬರ್ 2-3ರ ರಾತ್ರಿ ಮೀಥೈಲ್ ಐಸೋಸಯನೇಟ್ ತುಂಬಿದ್ದ ತೊಟ್ಟಿಗೆ ನೀರು ಸೇರಿ ಒಳಗೆ ಕ್ರಿಯೆ ಆರಂಭವಾಯಿತು. ಒತ್ತಡಮಾಪಕವು 2 ಪೌಂಡಿನಿಂದ 10 ಪೌಂಡಿಗೆ ಏರಿದ್ದನ್ನು ತೋರಿಸಿತ್ತು; ಆದರೆ ಹತ್ತು ಪೌಂಡು ವಾಡಿಕೆಯ ಮಿತಿಯೊಳಗಿನ ಅಂಕಿಯಾದ್ದರಿಂದಲೂ, ಅಲ್ಲಿನ ಮಾಪಕಗಳ ಮೇಲೆ ನಂಬಿಕೆ ಇಲ್ಲದ್ದರಿಂದಲೂ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ತೊಟ್ಟಿಯನ್ನು ತಣ್ಣಗಿಡುವ ಯಂತ್ರವನ್ನು ನಿಲ್ಲಿಸಿದ್ದುದರಿಂದ ಉಷ್ಣತೆಯ ಎಚ್ಚರಿಕೆ ಗಂಟೆಗೂ ಅರ್ಥವಿರಲಿಲ್ಲ. ಕೊನೆಗೆ ಅನಿಲ ಸೋರುತ್ತಿದೆಯೆಂದು ಕಾರ್ಮಿಕರಿಗೆ ತಿಳಿಸಿದ್ದು ಅವರ ಉರಿಯುತ್ತಿದ್ದ ಕಣ್ಣುಗಳು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಆನಂತರ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತ ಹೊಸ ಅಧ್ಯಾಯವು ಸೇರಿತು. ಕೆಲಸದ ಸ್ಥಳದ ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದೆಂಬ ಪಟ್ಟಿಯೂ ಸೇರಿತು. ಎಂಟು ಗಂಟೆಗಳ ಪಾಳಿಗೆ ಸರಾಸರಿ ಇಂಗಾಲದ ಮಾನಾಕ್ಸೈಡ್ ದಶಲಕ್ಷಕ್ಕೆ 50 ಭಾಗ, ಹೈಡ್ರೋಜನ್ ಸಲ್ಫೈಡ್ 10 ಭಾಗ, ಮೀಥೈಲ್ ಐಸೋಸಯನೇಟ್ ಕೇವಲ 0.02 ಭಾಗ. ಇಂತಹ ಅಂಕಿಗಳನ್ನು ಕಾನೂನು ವಿಧಿಸಿತೆಂದರೆ ಅವನ್ನು ಅಳೆಯುವ ಸಾಧನ ಇರಲೇಬೇಕು ಎಂದೇ ಅರ್ಥ.

ಅಮೆರಿಕದ ಟೆಕ್ಸಾಸ್ ಸಿಟಿಯ ತೈಲಾಗಾರದಲ್ಲಿ 2005ರ ಮಾರ್ಚ್ 23ರಂದು ನಡೆದದ್ದು ಇನ್ನೊಂದು ಬಗೆಯದು. ಗೋಪುರವೊಂದರಲ್ಲಿ ದ್ರವವು 150 ಅಡಿಗೂ ಮೇಲೇರಿದ್ದಾಗ ಮಟ್ಟ ಸಂವೇದಕವು ಹತ್ತು ಅಡಿಯೊಳಗಿನ ಅಂಕಿಯನ್ನು, ಅದೂ ಮೆಲ್ಲನೆ ಇಳಿಯುತ್ತಿರುವಂತೆ, ತೋರಿಸುತ್ತಿತ್ತು. ಅದಕ್ಕೆ ಆ ದ್ರವದ ಸಾಂದ್ರತೆಗೆ ತಕ್ಕಂತೆ ಮಾಪನಾಂಕ ನಿರ್ಣಯ ಆಗಿರಲಿಲ್ಲ. ಮೇಲ್ಮಟ್ಟದ ಎಚ್ಚರಿಕೆಯ ಸ್ವಿಚ್ಚೂ ಕೆಟ್ಟಿತ್ತು. 15 ಮಂದಿ ಸತ್ತರು. ವಿಶಾಖಪಟ್ಟಣದಲ್ಲಿ 2020ರ ಮೇ 7ರ ಬೆಳಗಿನ ಜಾವ ಸ್ಟೈರೀನ್ ಆವಿ ಸೋರಿ 12 ಮಂದಿ ಮಡಿದಾಗ ರಾಜ್ಯ ಸರ್ಕಾರ ನೇಮಿಸಿದ ಸಮಿತಿಯು ಎತ್ತಿ ತೋರಿದ ಲೋಪಗಳಲ್ಲಿ ಒಂದು ಹೀಗಿತ್ತು: ಆ ದೊಡ್ಡ ತೊಟ್ಟಿಯಲ್ಲಿ ಉಷ್ಣತೆಯನ್ನು ಅಳೆಯುತ್ತಿದ್ದುದು ತಳದಲ್ಲಿ ಮಾತ್ರ. ತಳ ತಣ್ಣಗಿತ್ತು, ನಡುವಿನ ಮತ್ತು ಮೇಲಿನ ಪದರಗಳು ಯಾರಿಗೂ ತಿಳಿಯದೆ ಕಾಯುತ್ತಿದ್ದವು. ಸಂವೇದಕವು ಸುಳ್ಳು ಹೇಳಿರಲಿಲ್ಲ. ತಾನಿದ್ದ ಜಾಗದ ನಿಜವನ್ನಷ್ಟೇ ಹೇಳಿತ್ತು.

ಕನ್ನಡ ನಾಡಿನವರಿಗೆ ಕೋಲಾರದ ಚಿನ್ನದ ಗಣಿಯ ನೆನಪಾಗುವುದು ಸಹಜ. ಅಲ್ಲಿಯ ದೊಡ್ಡ ಭಯ ಅನಿಲದ್ದಲ್ಲ, ಬಂಡೆಯದು. ಮೂರು ಕಿಲೋಮೀಟರಿಗೂ ಆಳದಲ್ಲಿ ಅಪಾರ ಒತ್ತಡಕ್ಕೆ ಸಿಲುಕಿದ ಕಲ್ಲು ಏಕಾಏಕಿ ಸಿಡಿಯುತ್ತಿತ್ತು. ಬಂಡೆಯ ಒಳಗಿನ ಸಣ್ಣ ಬಿರುಕುಗಳ ನಡುಕವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನಗಳನ್ನು ಹಲವೆಡೆ ಇರಿಸಿ, ನಡುಕವು ಒಂದೊಂದನ್ನೂ ತಲುಪುವ ಕಾಲದ ವ್ಯತ್ಯಾಸದಿಂದ ಬಿರುಕಿನ ಜಾಗವನ್ನು ಗುರುತಿಸುವ ಕೆಲಸ ಅಲ್ಲಿ ನಡೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು ಸ್ಥಾಪನೆಯಾದದ್ದೂ ಕೋಲಾರದ ಗಣಿ ಪ್ರದೇಶದಲ್ಲೇ. ಗಣಿಗಳು 2001ರಲ್ಲಿ ಮುಚ್ಚಿದವು.

ರಸ್ತೆಯ ಕೆಳಗಿನ ಗಣಿ

ಗಣಿಯೂ ಅಲ್ಲದ, ಕಾರ್ಖಾನೆಯೂ ಅಲ್ಲದ ಒಂದು ಸ್ಥಳವು ನಮ್ಮೆಲ್ಲರ ಮನೆಯ ಮುಂದೆಯೇ ಇದೆ: ಒಳಚರಂಡಿಯ ಗುಂಡಿ. ಕೊಳೆಯುವ ತ್ಯಾಜ್ಯದಿಂದ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ, ಆಮ್ಲಜನಕ ಕುಗ್ಗುತ್ತದೆ. ಮೊದಲು ಇಳಿದವನು ಕುಸಿದನೆಂದು ಅವನನ್ನು ಎತ್ತಲು ಇಳಿದ ಎರಡನೆಯವನೂ ಮೂರನೆಯವನೂ ಸಾಯುವ ಸುದ್ದಿಯನ್ನು ನಮ್ಮ ಮಹಾನಗರಗಳ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. 2013ರ ಕಾಯಿದೆಯು ರಕ್ಷಣಾ ಸಾಮಗ್ರಿಯಿಲ್ಲದೆ ಯಾರನ್ನೂ ಇಂತಹ ಕೆಲಸಕ್ಕೆ ಇಳಿಸುವುದನ್ನು ನಿಷೇಧಿಸಿದೆ. ಅದರ ನಿಯಮಗಳಲ್ಲಿ ಹೇಳಿದ ಸಾಮಗ್ರಿಗಳ ಪಟ್ಟಿಯಲ್ಲಿ ನಾಲ್ಕು ಅನಿಲಗಳ ಮಾಪಕವೂ ಇದೆ. ಮೇಲೆ ವಿವರಿಸಿದ ತಂತ್ರಗಳೆಲ್ಲ ಈ ಒಂದು ಕೈಸಾಧನದಲ್ಲಿ ಒಟ್ಟುಗೂಡಿವೆ. ದಹ್ಯ ಅನಿಲಕ್ಕೆ ಪೆಲಿಸ್ಟರ್ ಅಥವಾ ಅವಕೆಂಪು ಕಿರಣ. ಆಮ್ಲಜನಕ, ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡಿಗೆ ವಿದ್ಯುದ್ರಾಸಾಯನಿಕ ಕೋಶಗಳು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡ 20.9 ಇರುತ್ತದೆ, ಅದು 19.5ಕ್ಕಿಂತ ಇಳಿದರೆ ಸಾಧನವು ಕೂಗುತ್ತದೆ.

ಬಳಸುವ ಕ್ರಮ ಹೀಗಿದೆ. ಮುಚ್ಚಳವನ್ನು ತೆಗೆಯುವ ಮುನ್ನವೇ ಸಾಧ್ಯವಾದರೆ ಅದರ ರಂಧ್ರದಿಂದ ಒಳಗಿನ ಗಾಳಿಯನ್ನು ಪರೀಕ್ಷಿಸಬೇಕು. ತೆಗೆದ ಮೇಲೆ, ಯಾರೂ ಬಗ್ಗಿ ನೋಡದೆ, ಮಾಪಕಕ್ಕೆ ಜೋಡಿಸಿದ ಕೊಳವೆಯನ್ನು ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಮಟ್ಟಗಳಲ್ಲಿ ಅಳೆಯಬೇಕು. ಮೀಥೇನ್ ಮೇಲಕ್ಕೂ ಹೈಡ್ರೋಜನ್ ಸಲ್ಫೈಡ್ ತಳಕ್ಕೂ ಸೇರುವ ಸ್ವಭಾವದವು. ಕೊಳವೆಯಲ್ಲಿ ಗಾಳಿ ಮೇಲೇರಲು ಹಿಡಿಯುವ ಹೊತ್ತನ್ನು ಕಾಯದೆ ಅಂಕಿಯನ್ನು ಓದಬಾರದು. ಬ್ಲೋಯರಿನಿಂದ ಹೊಸ ಗಾಳಿ ತುಂಬಿಸಿ ಮತ್ತೊಮ್ಮೆ ಅಳೆಯಬೇಕು. ಇಳಿಯಲೇಬೇಕಾದ ತುರ್ತು ಬಂದರೆ, ಇಳಿಯುವವನ ಎದೆಯ ಮೇಲೆ ಮಾಪಕವು ಚಾಲೂ ಇರಬೇಕು. ತಳದ ಕೆಸರನ್ನು ಕಲಕಿದೊಡನೆ ಅದರಲ್ಲಿ ಸೆರೆಯಾಗಿದ್ದ ಅನಿಲ ಒಮ್ಮೆಗೇ ಹೊರಬರುವುದುಂಟು. ಮೇಲೆ ನಿಂತವನ ಕೈಯಲ್ಲಿ ಹಗ್ಗವಿರಬೇಕು, ಮತ್ತು ಅವನು ಇಳಿಯಕೂಡದು.